ಮನೆಗಂದಾಯದ ಭಾರ ಯಾರದು?

ಮನೆಗಂದಾಯದ ಚೀಟಿ ಬರುವುದು ಮನೆಯ ಯಜಮಾನನ ಹೆಸರಿಗೆ. ಹಣ ಕಟ್ಟುವವನೂ ಅವನೇ. ಆದರೆ ಆ ಹಣ ಯಾರ ಕಿಸೆಯಿಂದ ಬಂದುದೆಂದು ವಿಚಾರಿಸಿದರೆ, ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಉತ್ತರ ಅಷ್ಟು ಸುಲಭವಲ್ಲ. ಕಂದಾಯ ಏರಿದರೆ ಬಾಡಿಗೆಯೂ ಏರುವುದನ್ನು ನಗರವಾಸಿಗಳೆಲ್ಲರೂ ಬಲ್ಲರು. ಕಂದಾಯ ಇಳಿದಾಗ ಬಾಡಿಗೆ ಇಳಿದುದನ್ನು ಕಂಡವರು ವಿರಳ. ಅಮೆರಿಕದ ಎರಡು ಸಂಸ್ಥಾನಗಳು ಹದಿನಾಲ್ಕು ವರ್ಷಗಳ ಅಂತರದಲ್ಲಿ ಈ ಭಾರವನ್ನು ಇಳಿಸಲು ಹೊರಟು, ಎರಡು ಬೇರೆ ಬೇರೆ ದಾರಿಗಳನ್ನು ಹಿಡಿದುವು.

ಮೊದಲನೆಯದು ವಿಸ್ಕಾನ್ಸಿನ್. ಅಮೆರಿಕದ ಮನೆಗಂದಾಯವು ಮನೆಯ ಬೆಲೆಯನ್ನು ನೋಡುತ್ತದೆಯೇ ಹೊರತು ಯಜಮಾನನ ವರಮಾನವನ್ನು ನೋಡುವುದಿಲ್ಲ. ದುಡಿಯುವ ಕಾಲದಲ್ಲಿ ಕೊಂಡ ಮನೆಯಲ್ಲಿ, ಅಲ್ಪ ವರಮಾನದಿಂದ ಕಡೆಗಾಲವನ್ನು ಕಳೆಯುವ ವೃದ್ಧರಿಗೆ ಇದರಿಂದ ಒದಗುವ ಕಷ್ಟವನ್ನು ಊಹಿಸಿಕೊಳ್ಳಬಹುದು. ಅವರ ಮಟ್ಟಿಗೆ ಕಂದಾಯವನ್ನೇ ಕಡಿಮೆಮಾಡೋಣವೆಂದರೆ, ಆಸ್ತಿಗಳ ಮೇಲಿನ ಕಂದಾಯ ಏಕರೀತಿಯಾಗಿರಬೇಕೆಂದು ಸಂಸ್ಥಾನದ ರಾಜ್ಯಾಂಗವೇ ವಿಧಿಸಿತ್ತು. ೧೯೬೪ರಲ್ಲಿ ಶಾಸಕರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ವೃದ್ಧರೂ ಎಲ್ಲರಂತೆಯೇ ಕಂದಾಯ ಕಟ್ಟಲಿ; ಅದು ಅವರ ವರಮಾನಕ್ಕೆ ತಕ್ಕ ಮಿತಿಯನ್ನು ಮೀರಿದರೆ, ಮೀರಿದುದರಲ್ಲಿ ಒಂದು ಪಾಲನ್ನು ವರಮಾನ ತೆರಿಗೆಯ ಲೆಕ್ಕದ ಮೂಲಕ ಸಂಸ್ಥಾನದ ಬೊಕ್ಕಸವು ಹಿಂದಕ್ಕೆ ಕೊಡಲಿ. ಈ ವ್ಯವಸ್ಥೆಯನ್ನು ಅಲ್ಲಿಯ ವರಿಷ್ಠ ನ್ಯಾಯಾಲಯವು ೧೯೬೬ರಲ್ಲಿ ಎತ್ತಿಹಿಡಿಯಿತು. ಹೊರೆ ಮಿತಿಮೀರಿದಾಗ ವಿದ್ಯುತ್ ಪ್ರವಾಹವನ್ನು ತಾನಾಗಿ ಕಡಿದುಹಾಕುವ ಸಲಕರಣೆಯ ಹೆಸರು, ಎಂದರೆ ಸರ್ಕ್ಯೂಟ್ ಬ್ರೇಕರ್ ಎಂಬುದು, ಈ ಬಗೆಯ ರಿಯಾಯಿತಿಗೆ ಅಂಟಿಕೊಂಡಿತು.

ಆದರೆ ಈ ಕಾನೂನಿನ ನಿಜವಾದ ಹಿರಿಮೆ ಬೇರೊಂದು ಎಡೆಯಲ್ಲಿದೆ ಎಂದು ನಾನು ಭಾವಿಸುತ್ತೇನೆ. ಬಾಡಿಗೆ ಮನೆಯಲ್ಲಿರುವ ವೃದ್ಧರನ್ನೂ ಅದು ಒಳಗೊಂಡಿತು. ಬಾಡಿಗೆಯಲ್ಲಿ ಒಂದು ಭಾಗ ವಾಸ್ತವವಾಗಿ ಕಂದಾಯವೇ ಎಂಬುದನ್ನು ಒಪ್ಪಿ, ಅದಕ್ಕೂ ರಿಯಾಯಿತಿ ಕೊಟ್ಟಿತು. ಅಲ್ಲಿ ನಡೆದುಬಂದಿರುವ ಲೆಕ್ಕದಂತೆ, ಮನೆಯನ್ನು ಬೆಚ್ಚಗಿಡುವ ವೆಚ್ಚ ಬಾಡಿಗೆಯಲ್ಲಿ ಸೇರಿಲ್ಲದಿದ್ದರೆ ಬಾಡಿಗೆಯ ನೂರಕ್ಕೆ ೨೫ ಪಾಲು, ಸೇರಿದ್ದರೆ ೨೦ ಪಾಲು ಕಂದಾಯವೆಂದು ಎಣಿಕೆ. ಚಳಿನಾಡಿನ ಲೆಕ್ಕಾಚಾರ! ಈ ಮಾದರಿಯ ಕಾನೂನು ೧೯೬೭ರಲ್ಲಿ ಮಿನ್ನೆಸೋಟದಲ್ಲಿಯೂ ೧೯೭೩ರಲ್ಲಿ ಮಿಷಿಗನ್ನಿನಲ್ಲಿಯೂ ಬಂದಿತು.

ಕ್ಯಾಲಿಫೋರ್ನಿಯದ ಕಥೆಯೇ ಬೇರೆ. ಅಲ್ಲಿ ಮನೆಗಳಿಗೆ ಬೆಲೆಕಟ್ಟುವ ಅಧಿಕಾರಿಗಳು ಬಹುಕಾಲದಿಂದ ವಾಸದ ಮನೆಗಳಿಗೆ ದಾಕ್ಷಿಣ್ಯ ತೋರಿಸುತ್ತ ಬಂದಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಲಂಚದ ಹಗರಣವೊಂದು ಬಯಲಾದ ಮೇಲೆ, ಎಲ್ಲ ಆಸ್ತಿಗಳಿಗೂ ಒಂದೇ ಪ್ರಮಾಣದಲ್ಲಿ ಬೆಲೆಕಟ್ಟಬೇಕೆಂದು ೧೯೬೬ರಲ್ಲಿ ಕಾನೂನಾಯಿತು. ಪ್ರಾಮಾಣಿಕತೆ ಬಂದಿತು, ಅದರೊಡನೆ ವಾಸದ ಮನೆಗಳ ಕಂದಾಯವೂ ಏರಿತು. ಮುಂದಿನ ದಶಕದಲ್ಲಿ ಮನೆಗಳ ಬೆಲೆಯೇ ಗಗನಕ್ಕೇರಿದಾಗ ಜನರ ತಾಳ್ಮೆ ತೀರಿತು. ೧೯೭೮ರ ಜೂನ್ ೬ರಂದು ಮತದಾರರಲ್ಲಿ ಸುಮಾರು ನೂರಕ್ಕೆ ೬೫ ಮಂದಿ ಹದಿಮೂರನೆಯ ಪ್ರಸ್ತಾಪವನ್ನು ಅಂಗೀಕರಿಸಿದರು. ಕಂದಾಯವು ಆಸ್ತಿಯ ಬೆಲೆಯಲ್ಲಿ ನೂರಕ್ಕೆ ಒಂದನ್ನು ಮೀರಕೂಡದು; ೧೯೭೫ರ ಬೆಲೆಯೇ ಆಧಾರ; ಆಸ್ತಿ ಕೈಬದಲಾಗುವವರೆಗೆ ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸಕೂಡದು. ಈ ಕಂದಾಯದ ಉತ್ಪತ್ತಿ ಅರ್ಧಕ್ಕಿಂತ ಕೆಳಗಿಳಿಯಿತು.

ಪ್ರಸ್ತಾಪದ ಮುಂದಾಳು ಹೋವರ್ಡ್ ಜಾರ್ವಿಸ್. ಲಾಸ್ ಏಂಜಲೀಸಿನ ವಠಾರಗಳ ಮಾಲೀಕರ ಸಂಘಕ್ಕೂ ಆತನಿಗೂ ನಂಟಿತ್ತು. ಮಾಲೀಕರಿಗೆ ಉಳಿದ ಹಣ ಬಾಡಿಗೆದಾರರಿಗೂ ತಲಪುವುದೆಂದು ಆತ ಆಶೆ ತೋರಿಸಿದ್ದ. ಆ ಆಶೆ ಬಹುಮಟ್ಟಿಗೆ ನಿರಾಶೆಯಾಯಿತು. ಎಷ್ಟೋ ಕಡೆ ಬಾಡಿಗೆ ಏರಿಯೇ ಏರಿತು. ಲಾಸ್ ಏಂಜಲೀಸ್ ನಗರವು ಅದೇ ವರ್ಷ ಬಾಡಿಗೆಗೆ ತಡೆ ಹಾಕಿತು. ಬರ್ಕ್ಲಿಯ ಮತದಾರರು ಇನ್ನೂ ಮುಂದೆ ಹೋಗಿ, ಮಾಲೀಕರಿಗಾದ ಉಳಿತಾಯದಲ್ಲಿ ನೂರಕ್ಕೆ ೮೦ ಪಾಲನ್ನು ಬಾಡಿಗೆದಾರರಿಗೆ ಬಿಟ್ಟುಕೊಡಬೇಕೆಂದು ನವೆಂಬರಿನಲ್ಲಿ ವಿಧಿಸಿದರು. ಸಾಂಟ ಮಾನಿಕ ೧೯೭೯ರಲ್ಲಿ ಬಾಡಿಗೆ ನಿಯಂತ್ರಣದ ದಾರಿ ಹಿಡಿಯಿತು. ವಿಸ್ಕಾನ್ಸಿನ್ನಿನವರು ಕಾನೂನಿನ ಒಂದು ವಾಕ್ಯದಲ್ಲಿ ಸೇರಿಸಿದ್ದುದನ್ನು ಇಲ್ಲಿ ಊರೂರಿನ ಜಗಳದಿಂದ ಸಂಪಾದಿಸಬೇಕಾಯಿತು.

ಬಾಡಿಗೆದಾರರಿಗಾಗಿ ಕ್ಯಾಲಿಫೋರ್ನಿಯ ಏನನ್ನೂ ಮಾಡಿರಲಿಲ್ಲವೆಂದಲ್ಲ. ವರಮಾನ ತೆರಿಗೆಯಲ್ಲಿ ಅವರಿಗೊಂದು ಸಣ್ಣ ರಿಯಾಯಿತಿ ೧೯೭೦ರ ದಶಕದಿಂದಲೂ ಇತ್ತು. ಆದರೆ ಮನೆಯೊಡೆಯರ ಮಿತಿ ಸೇರಿದ್ದುದು ರಾಜ್ಯಾಂಗದಲ್ಲಿ. ಇದು ನಿಂತಿದ್ದುದು ಸಾಮಾನ್ಯ ಕಾನೂನಿನ ಮೇಲೆ. ೧೯೯೩ರಲ್ಲಿ ಬೊಕ್ಕಸಕ್ಕೆ ಮುಗ್ಗಟ್ಟು ಬಂದಾಗ ನಿಂತುಹೋದುದು ಬಾಡಿಗೆದಾರರ ರಿಯಾಯಿತಿ. ಅದು ಮತ್ತೆ ಬಂದುದು ೧೯೯೮ರಲ್ಲಿ, ಅದೂ ಕಡಿಮೆ ವರಮಾನದವರಿಗೆ ಮಾತ್ರ: ಒಂಟಿಯವರಿಗೆ ೬೦ ಡಾಲರು, ದಂಪತಿಗಳಿಗೆ ೧೨೦.