ಪೊರೆಗಣ್ಣೂ ದಾನದ ಮಸೂರವೂ

ಕಣ್ಣಿನ ಪೊರೆಯನ್ನು ಶಸ್ತ್ರದಿಂದ ಪರಿಹರಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯಲ್ಲಿಯೇ ಅದರ ವಿಧಾನವು ವರ್ಣಿತವಾಗಿದೆ. ಮಬ್ಬಾದ ಮಸೂರವನ್ನು ಶಲಾಕೆಯ ಮೊನೆಯಿಂದ ದೃಷ್ಟಿಪಥದ ಆಚೆಗೆ ಸರಿಸುವ ಈ ಕ್ರಮವು ಮುಂದೆ ಶತಮಾನಗಳ ಕಾಲ ಊರೂರು ಅಲೆಯುವ ವೈದ್ಯರ ಕೈಯಲ್ಲಿ ಉಳಿದು ಬಂದಿತು. ಆದರೆ ವಿದ್ಯೆಯಿದ್ದ ಮಾತ್ರಕ್ಕೆ ಅದು ಬಡವನ ಬಾಗಿಲಿಗೆ ಸುಸ್ಥಿತಿಯಲ್ಲಿ ಬಂದು ಮುಟ್ಟಿತೆಂದು ಹೇಳಲಾಗದು. ಆಧುನಿಕ ನೇತ್ರಚಿಕಿತ್ಸೆಯು ಈ ದೇಶಕ್ಕೆ ಬಂದ ಮೇಲೆಯೂ ಆಸ್ಪತ್ರೆಗಳು ನಗರಗಳಲ್ಲಿದ್ದುವು, ಕುರುಡರಲ್ಲಿ ಬಹುಪಾಲು ಹಳ್ಳಿಗಳಲ್ಲಿದ್ದರು. ಈ ದೂರವನ್ನು ಕ್ರಮಿಸಲು ಬಹುಮಟ್ಟಿಗೆ ನೆರವಾದುದು ಜನರ ದಾನಬುದ್ಧಿ.

ಕರ್ನಾಟಕದ ಮಟ್ಟಿಗೆ ಇಲ್ಲಿ ಮೊದಲು ನೆನೆಯಬೇಕಾದ ಹೆಸರು ಡಾ. ಎಂ. ಸಿ. ಮೋದಿಯವರದು. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು 1940ರ ದಶಕದಿಂದ ಆರಂಭಿಸಿ ಹಳ್ಳಿಹಳ್ಳಿಗೂ ಉಚಿತ ನೇತ್ರಶಿಬಿರಗಳನ್ನು ಕೊಂಡೊಯ್ದರು. ಸಾಲಾಗಿ ಮಲಗಿಸಿದ ರೋಗಿಗಳ ನಡುವೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಯುತ್ತ, ತಿರುಪತಿಯಲ್ಲಿ ಒಂದೇ ದಿನ 833 ಪೊರೆಗಳನ್ನು ತೆಗೆದರೆಂಬುದು ಗಿನ್ನೆಸ್ ದಾಖಲೆಗಳ ಗ್ರಂಥವನ್ನೂ ಸೇರಿತು. 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಸಂದಿತು. 2005ರಲ್ಲಿ ಅವರು ನಿಧನರಾದರು. ಆದರೆ ಇಂಥ ಶಿಬಿರಗಳನ್ನು ಕೇವಲ ವೈದ್ಯರ ಕೈಚಳಕದ ಸಾಧನೆಯೆಂದು ಭಾವಿಸುವುದು ಸರಿಯಲ್ಲ. ಶಾಲೆಯೋ ಛತ್ರವೋ ಶಿಬಿರಕ್ಕೆ ಬಿಟ್ಟುಕೊಡಬೇಕು; ಕಣ್ಣು ಕಟ್ಟಿಸಿಕೊಂಡು ಮಲಗಿದವರಿಗೂ ಅವರೊಡನೆ ಬಂದವರಿಗೂ ದಿನಗಟ್ಟಲೆ ಅನ್ನ ಬೇಯಬೇಕು; ಔಷಧಿಗೂ ಕನ್ನಡಕಕ್ಕೂ ಹಣ ಕೂಡಬೇಕು. ಇವನ್ನು ಒದಗಿಸಿದವರು ಊರಿನ ವರ್ತಕರು, ರೈತರು, ಸಂಘಸಂಸ್ಥೆಗಳು. ಅವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಸೇರಲಿಲ್ಲ.

ಆದರೂ ಆ ಕಾಲದ ಚಿಕಿತ್ಸೆಯಲ್ಲಿ ಒಂದು ಕೊರತೆ ಉಳಿದಿದ್ದಿತು. ಮಬ್ಬಾದ ಮಸೂರವನ್ನು ಇಡಿಯಾಗಿ ತೆಗೆದುಬಿಟ್ಟರೆ ಕಣ್ಣು ಬೆಳಕನ್ನು ಕಂಡೀತೇ ಹೊರತು ಆಕೃತಿಯನ್ನು ಸ್ಪಷ್ಟವಾಗಿ ಕಾಣಲಾರದು. ಆದುದರಿಂದ ಸೀಸೆಯ ತಳದಷ್ಟು ದಪ್ಪನಾದ ಗಾಜಿನ ಕನ್ನಡಕವನ್ನು ಕೊಡುತ್ತಿದ್ದರು. ಅದರಲ್ಲಿ ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ ತೋರುವುವು, ಅಂಚಿನ ನೋಟ ತಪ್ಪುವುದು. ಹೊಲದಲ್ಲಿ ದುಡಿಯುವವನ ಕನ್ನಡಕವು ಒಡೆದರೆ ಅವನು ಪುನಃ ಹೆಚ್ಚುಕಡಿಮೆ ಕುರುಡನೇ.

ಇದಕ್ಕೆ ಪರಿಹಾರವು ದೂರದ ಲಂಡನ್ನಿನಲ್ಲಿ ದೊರೆಯಿತು. ಯುದ್ಧಕಾಲದಲ್ಲಿ ವಿಮಾನದ ಮೇಲ್ಗವಚ ಒಡೆದು ಅದರ ಪರ್ಸ್ಪೆಕ್ಸ್ ಚೂರುಗಳು ಚಾಲಕರ ಕಣ್ಣಿನೊಳಗೆ ಸೇರಿದರೂ ಅವು ಉರಿಯೂತವನ್ನು ಉಂಟುಮಾಡದೆ ಉಳಿದುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ಜಾತಿಯ ವಸ್ತುವಿನಿಂದ ಮಾಡಿಸಿದ ಮಸೂರವನ್ನು 1949ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಕಣ್ಣಿನೊಳಗೆ ಇರಿಸಿದರು. ವೃತ್ತಿಬಾಂಧವರಲ್ಲಿ ಅನೇಕರು ಇದನ್ನು ಬಹುಕಾಲ ಒಪ್ಪಲಿಲ್ಲ. ಒಪ್ಪುವ ಹೊತ್ತಿಗೆ ಮಸೂರವು ಶ್ರೀಮಂತ ದೇಶಗಳ ಸರಕಾಗಿದ್ದು, ಅದರ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿದ್ದಿತು.

ಈ ನಡುವೆ ಸರಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳ ಅರವಿಂದ ನೇತ್ರಾಲಯವನ್ನು ತೆರೆದಿದ್ದರು. ಸಂಧಿವಾತದಿಂದ ಬೆರಳುಗಳು ಸೊಟ್ಟಾಗಿದ್ದರೂ ಅವರು ಶಸ್ತ್ರ ಹಿಡಿಯುವುದನ್ನು ಕಲಿತವರು. ಹಣ ತೆರಬಲ್ಲವರಿಂದ ಬಂದುದರಲ್ಲಿ ತೆರಲಾರದವರಿಗೆ ಚಿಕಿತ್ಸೆ ನಡೆಯುವುದು ಅಲ್ಲಿಯ ಪದ್ಧತಿ. ಊರಿನ ದಾನಿಗಳು ಶಿಬಿರದ ವೆಚ್ಚವನ್ನು ವಹಿಸಿದರೆ, ರೋಗಿಗಳನ್ನು ಬಸ್ಸಿನಲ್ಲಿ ಆಸ್ಪತ್ರೆಗೇ ಕರೆತಂದು ಶಸ್ತ್ರಕ್ರಿಯೆ ಮಾಡುವರು. 1980ರ ದಶಕದಲ್ಲಿ ಅಮೆರಿಕದ ಸೇವಾ ಫೌಂಡೇಶನ್ ಮೊದಲಾದ ಸಂಸ್ಥೆಗಳು ಅಲ್ಲಿಂದ ಮಸೂರಗಳನ್ನೇ ದಾನವಾಗಿ ಕಳುಹಿಸತೊಡಗಿದುವು. ಆದರೆ ದಾನವಾಗಿ ಬರುವ ಮಸೂರಗಳೆಷ್ಟು, ಬೇಕಾದವೆಷ್ಟು! ಬಂದಷ್ಟನ್ನು ಯಾರಿಗೆ ಇಡಬೇಕು, ಯಾರನ್ನು ಕನ್ನಡಕದೊಡನೆ ಕಳುಹಿಸಬೇಕು ಎಂಬ ಪ್ರಶ್ನೆಗೆ ಧರ್ಮಸಮ್ಮತವಾದ ಉತ್ತರವಿಲ್ಲ.

ಕೊನೆಗೆ ಮಸೂರವನ್ನು ಬೇಡುವುದಕ್ಕೆ ಬದಲು ಅದನ್ನು ತಯಾರಿಸುವ ಸಾಮರ್ಥ್ಯವನ್ನೇ ಪಡೆಯಲು ನಿಶ್ಚಯಿಸಿದರು. ಡೇವಿಡ್ ಗ್ರೀನ್ ಎಂಬವರ ಶ್ರಮವೂ ದಾನಿಗಳ ನೆರವೂ ಕೂಡಿ 1992ರಲ್ಲಿ ಮದುರೆಯಲ್ಲಿ ಅರೋಲ್ಯಾಬ್ ಎಂಬ ಲಾಭರಹಿತ ತಯಾರಿಕಾ ಕೇಂದ್ರವು ಆರಂಭವಾಯಿತು. ಕಾಲಕ್ರಮದಲ್ಲಿ ಅಲ್ಲಿಯ ಮಸೂರದ ಬೆಲೆ ಹತ್ತು ಡಾಲರಿಗಿಂತಲೂ ಕೆಳಗಿಳಿಯಿತು. ಕಟ್ಟಡಕ್ಕೆ ಕೊಟ್ಟವರ ಹೆಸರು ಕಲ್ಲಿನಲ್ಲಿ ಕಂಡೀತು. ಯಂತ್ರಕ್ಕೂ ಪರೀಕ್ಷಾಶಾಲೆಗೂ ಕೊಟ್ಟವರನ್ನು ಯಾರೂ ಕಾಣರು. ಆದರೂ ಈ ಎರಡನೆಯ ಬಗೆಯ ದಾನವೇ ಇಲ್ಲಿ ಹೆಚ್ಚು ಫಲಿಸಿತೆನ್ನಬೇಕು.

ಅಗ್ಗದ ಮಸೂರವು ಬಡವರಿಗೆ ಸಲ್ಲುವುದಾದರೂ ಹಳೆಯ ಪದ್ಧತಿಗಿಂತ ಅದು ನಿಜವಾಗಿಯೂ ಮೇಲೆಂಬುದಕ್ಕೆ ಪ್ರಮಾಣವೇನು? ಲಕ್ಷಗಟ್ಟಲೆ ಜನರಿಗೆ ಅದನ್ನು ಇಡುವ ಮುನ್ನ ಈ ಪ್ರಶ್ನೆ ಏಳುವುದು ಸಹಜ. ಇದಕ್ಕಾಗಿ ಮದುರೆಯಲ್ಲಿ ಎರಡೂ ಕಣ್ಣು ಕುರುಡಾಗಿದ್ದ 3,400 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಹಳೆಯ ಶಸ್ತ್ರಕ್ರಿಯೆಯೊಡನೆ ಕನ್ನಡಕವನ್ನೂ ಮತ್ತೊಂದಕ್ಕೆ ಮಸೂರವನ್ನೂ ಕೊಟ್ಟು ಪರಿಶೀಲಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ವಿಧಾನಗಳು ಸುರಕ್ಷಿತವಾಗಿದ್ದರೂ, ನೋಟದ ನಿತ್ಯೋಪಯೋಗದಲ್ಲಿಯೂ ಬಾಳಿನ ನೆಮ್ಮದಿಯಲ್ಲಿಯೂ ಮಸೂರ ಪಡೆದವರೇ ಮೇಲಾಗಿದ್ದರು. ಒಂದು ಕಾಲಕ್ಕೆ ಅಮೆರಿಕದಿಂದ ಮಸೂರವನ್ನು ದಾನವಾಗಿ ಪಡೆಯುತ್ತಿದ್ದ ಮದುರೆಯಿಂದ ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಮಸೂರಗಳು ಹೋಗುತ್ತಿವೆ.