ಕಾಣದ ಹಗೆಯ ಗುರುತು

ಮನೆಯಲ್ಲಿ ಮಕ್ಕಳಿಗೆ ದಡಾರ ಎದ್ದಾಗ ಅವರ ಶುಶ್ರೂಷೆಗೆ ನಮ್ಮ ಅಜ್ಜಿಯೇ ಕೂರುತ್ತಿದ್ದರು. ‘ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ, ಇನ್ನೇನು ಭಯ?’ ಎಂಬುದು ಅವರ ಮಾತು. ಆ ಮಾತು ಎಷ್ಟು ಹಳೆಯದೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಕ್ರಿಸ್ತಪೂರ್ವ 430ರಲ್ಲಿ ಅಥೆನ್ಸ್ ನಗರಕ್ಕೆ ಬಡಿದ ಮಹಾಮಾರಿಯು ಒಮ್ಮೆ ಬದುಕುಳಿದವರನ್ನು ಮತ್ತೆ ಬಲಿ ತೆಗೆದುಕೊಳ್ಳಲಿಲ್ಲವೆಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ ಅಲ್ಲಿಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪಾನುಮ್, 1781ರ ಹಾವಳಿಯಲ್ಲಿ ನರಳಿದ್ದ ವೃದ್ಧರಿಗೆ ಅದು ಮರುಕಳಿಸದೆ ಇದ್ದುದನ್ನು ಕಂಡ. ಅರವತ್ತೈದು ವರ್ಷಗಳ ನೆನಪು! ಅದನ್ನು ದೇಹ ಎಲ್ಲಿ ಬಚ್ಚಿಟ್ಟಿತ್ತು?

1890ರಲ್ಲಿ ಬರ್ಲಿನ್ನಿನ ಬೇರಿಂಗ್ ಮತ್ತು ಕಿಟಸಾಟೊ, ಧನುರ್ವಾಯು ಹಾಗೂ ಗಂಟಲಮಾರಿಯ ವಿಷವನ್ನು ಅಳಿಸುವ ಗುಣ ರಕ್ತದಲ್ಲಿಯೇ ಹುಟ್ಟುವುದನ್ನು ತೋರಿಸಿದರು. ಅದೇ ಪ್ರತಿಕಾಯ, ಅದನ್ನು ಕೆರಳಿಸುವ ಹೊರಗಿನ ವಸ್ತುವೇ ಪ್ರತಿಜನಕ. ಜೀವಕೋಶಗಳ ಮೇಲೆ ಗ್ರಾಹಕಗಳು ಮೊದಲೇ ಸಿದ್ಧವಾಗಿದ್ದು, ಬೀಗಕ್ಕೆ ಕೀಲಿಯಂತೆ ವಿಷವನ್ನು ಹಿಡಿಯುತ್ತವೆ ಎಂದು 1897ರಲ್ಲಿ ಪೌಲ್ ಎರ್ಲಿಕ್ ಊಹಿಸಿದ. ಆದರೆ ಪ್ರಯೋಗಶಾಲೆಯಲ್ಲಿ ತಯಾರಾದ, ಸೃಷ್ಟಿಯಲ್ಲೇ ಇರದ ರಾಸಾಯನಿಕಗಳಿಗೂ ಪ್ರಾಣಿಗಳು ಪ್ರತಿಕಾಯ ತಯಾರಿಸುವುದನ್ನು ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟ. ಯಾರೂ ಕಾಣದ ಬೀಗಕ್ಕೆ ಕೀಲಿ ಮೊದಲೇ ಹೇಗೆ ಬಂತು? ಎರ್ಲಿಕ್ಕನ ಮಾತು ಹಿಂದೆ ಸರಿಯಿತು. 1940ರಲ್ಲಿ ಲೈನಸ್ ಪೌಲಿಂಗ್ ಬೇರೆ ಉತ್ತರ ಕೊಟ್ಟ: ಪ್ರತಿಜನಕವೇ ಅಚ್ಚು, ಪ್ರತಿಕಾಯವು ಅದರ ಮೈಗೆ ಒಪ್ಪುವಂತೆ ಮಡಿಚಿಕೊಳ್ಳುತ್ತದೆ.

ಮೆಚ್ಚುವಂತಹ ಉತ್ತರವೇ. ಆದರೆ ಅಚ್ಚು ಕಳೆದುಹೋದ ಮೇಲೂ ನೆನಪೇಕೆ ಉಳಿಯಬೇಕು? ಎರಡನೆಯ ಸಲ ದೇಹ ಇನ್ನೂ ತ್ವರಿತವಾಗಿ ಎದುರಿಸುವುದೇಕೆ? ತನ್ನದೇ ಅಂಗಾಂಶದ ಮೇಲೆ ಅದು ಏರಿಹೋಗದಿರುವುದೇಕೆ? ಈ ಪ್ರಶ್ನೆಗಳಿಗೆ ಅಲ್ಲಿ ಸಮಾಧಾನವಿರಲಿಲ್ಲ.

1955ರಲ್ಲಿ ನೀಲ್ಸ್ ಯೆರ್ನೆ ತೋರಿದ ಜಾಡನ್ನು ಹಿಡಿದು, 1957ರಲ್ಲಿ ಮೆಲ್ಬರ್ನಿನ ಮ್ಯಾಕ್‌ಫರ್ಲೇನ್ ಬರ್ನೆಟ್ ಪ್ರಶ್ನೆಯನ್ನೇ ತಿರುಗಿಸಿದ. ದೇಹ ಹಗೆಯಿಂದ ಪಾಠ ಕಲಿಯುವುದಿಲ್ಲ. ರೈತನ ಕಣಜದಲ್ಲಿ ಬಗೆಬಗೆಯ ಬೀಜಗಳಿರುವಂತೆ ಅದರಲ್ಲಿ ಬಗೆಬಗೆಯ ಕಣಗಳು ಮೊದಲೇ ಇವೆ. ಒಂದೊಂದು ಕಣಕ್ಕೂ ಒಂದೇ ಗುರುತು. ಬಂದ ಪ್ರತಿಜನಕಕ್ಕೆ ಯಾವುದು ಹೊಂದುವುದೋ ಅದು ಮಾತ್ರ ಮೊಳೆತು ಸಾವಿರವಾಗುತ್ತದೆ. ಕೆಲವು ನೆನಪಾಗಿ ಉಳಿಯುತ್ತವೆ. ತನ್ನವರನ್ನೇ ಹಗೆಯೆಂದು ಬಗೆಯುವ ಕಣಗಳು ಎಳೆಯದರಲ್ಲೇ ಅಳಿಯುತ್ತವೆ. ಒಂದು ಕಣ ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುವುದೆಂಬುದಕ್ಕೆ ಮರುವರ್ಷವೇ ನೊಸ್ಸಲ್ ಮತ್ತು ಲೆಡರ್‌ಬರ್ಗ್ ಸಾಕ್ಷ್ಯ ಒದಗಿಸಿದರು.

ಇಷ್ಟೊಂದು ಬಗೆ ಎಲ್ಲಿಂದ? 1976ರಲ್ಲಿ ಬಾಸೆಲ್‌ನಲ್ಲಿದ್ದ ಸುಸುಮು ಟೊನೆಗಾವ ಆ ಗುಟ್ಟನ್ನೂ ಬಿಡಿಸಿದ. ನಮ್ಮ ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ನಿಘಂಟು ತುಂಬುವಷ್ಟು ಪದಗಳಾಗುವಂತೆ, ವಂಶವಾಹಿಯ ಕೆಲವು ತುಣುಕುಗಳು ಕೂಡಿಕೂಡಿ ಕೋಟ್ಯಂತರ ಪ್ರತಿಕಾಯಗಳಾಗುತ್ತವೆ. ಇದಕ್ಕೂ ಮುಂಚೆ, 1974ರಲ್ಲಿ, ಕ್ಯಾನ್‌ಬೆರಾದ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಇನ್ನೊಂದು ಸೋಜಿಗ ಕಂಡಿದ್ದರು: ಟಿ ಕಣಗಳು ಪರಕೀಯವನ್ನು ಗುರುತಿಸಬೇಕಾದರೆ ಜೊತೆಯಲ್ಲಿ ತನ್ನವರ ಚಹರೆಯೂ ಇರಬೇಕು. ವೈರಸ್ಸಿನ ಚೂರನ್ನು ನಮ್ಮದೇ ಜೀವಕೋಶ ತನ್ನ ಮೈಮೇಲೆ ಎತ್ತಿ ಹಿಡಿದಾಗ ಮಾತ್ರ ಅವು ಅದನ್ನು ಅರಿಯುತ್ತವೆ.

ಹಾಗಾದರೆ ನಮ್ಮ ಅಜ್ಜಿಯ ಧೈರ್ಯ ನಿಜವೇ? ನಿಜ, ಆದರೆ ಅದಕ್ಕೆ ತೆತ್ತ ಬೆಲೆ ಅವರಿಗೆ ತಿಳಿದಿರಲಿಲ್ಲ. ದಡಾರವು ತನ್ನ ಗುರುತನ್ನು ಉಳಿಸಿಹೋಗುವಾಗ, ದೇಹ ಬೇರೆ ರೋಗಗಳಿಂದ ಗಳಿಸಿದ್ದ ನೆನಪಿನಲ್ಲಿ ಬಹುಪಾಲನ್ನು ಅಳಿಸಿಬಿಡಬಲ್ಲದೆಂದು 2019ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಲಸಿಕೆ ಹಾಕಿಸಿಕೊಂಡ ಕೂಸು ಆ ಬೆಲೆ ತೆರದೆಯೇ ಅಜ್ಜಿಯ ನೆನಪನ್ನು ಪಡೆಯುತ್ತದೆ. ಕಣಜದಲ್ಲಿ ಬೀಜ ಇದ್ದೇ ಇದೆ. ಬೆಂಕಿ ಬೀಳುವ ಮೊದಲು ಅದನ್ನು ಬಿತ್ತುವುದಷ್ಟೇ ನಮ್ಮ ಕೆಲಸ.