ನನ್ನ ಬಾಳಿನ ಮೂರು ಧ್ವನಿಮುದ್ರಿಕೆಗಳು

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ, ಧೂಳು ಜಾಡಿಸಿ, “ಅಜ್ಜಾ, ಇವೆಲ್ಲ ಏನು?” ಎಂದು ಕೇಳಿದಳು. ಒಳಗೆ ಅಂಚು ಒಡೆದ ಗ್ರಾಮಫೋನ್ ತಟ್ಟೆ ಒಂದಿತ್ತು. ತಟ್ಟೆಯಿಲ್ಲದ ಎಲ್.ಪಿ. ಹೊದಿಕೆ ಒಂದಿತ್ತು. ಉಳಿದದ್ದೆಲ್ಲ ಕ್ಯಾಸೆಟ್ಟು. ಆಕೆ ಕ್ಯಾಸೆಟ್ಟಿನ ತೂತಿನಲ್ಲಿ ಬೆರಳಿಟ್ಟು ತಿರುಗಿಸುತ್ತ ಕುಳಿತಳು. ನಾನು ಅವಳಿಗೆ ಉತ್ತರ ಹೇಳುತ್ತ ಹೇಳುತ್ತ ಅರವತ್ತು ವರ್ಷ ಹಿಂದಕ್ಕೆ ಹೋದೆ.

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಮೇಲಿರುವ ಮೂರು ಊರುಗಳು. ನನ್ನ ಬಾಲ್ಯ, ವಿದ್ಯಾಭ್ಯಾಸ, ನೌಕರಿ ಮೂರೂ ಈ ಮೂರು ಊರುಗಳಲ್ಲಿ ಕಳೆದವು. ಪೆಟ್ಟಿಗೆಯೊಳಗಿನ ಮೂರು ಬಗೆಯ ಧ್ವನಿಮುದ್ರಿಕೆಗಳೂ ಒಂದೊಂದು ಊರಿಗೆ ಸೇರಿದವು. ಇತಿಹಾಸ ಕಲಿಸಿದ ಮಾಸ್ತರನಾದ್ದರಿಂದ ಅವುಗಳ ಚರಿತ್ರೆಯನ್ನು ಬರೆದಿಡೋಣವೆನ್ನಿಸಿತು. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಬ್ಯಾಡಗಿಯಲ್ಲಿ ನಮ್ಮ ಕಾಕಾ ಒಣಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿದ್ದರು. ಸುಗ್ಗಿಯ ಕಾಲದಲ್ಲಿ ಬೀದಿಯುದ್ದಕ್ಕೂ ಕೆಂಪು ರಾಶಿ; ಹೊಸಬರಾದರೆ ಸೀನಿ ಸೀನಿ ಸುಸ್ತಾಗಬೇಕು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಕಾ ಅವರ ಗ್ರಾಮಫೋನು ಇತ್ತು. ವ್ಯಾಪಾರ ಮುಗಿದ ಮೇಲೆ ಅವರು ಕೈಕಾಲು ತೊಳೆದುಕೊಂಡು, ಧೋತರದ ಚುಂಗಿನಿಂದ ತಟ್ಟೆಯ ಮೇಲಿನ ಮೆಣಸಿನ ಧೂಳನ್ನು ಒರೆಸಿ, ಕೀಲಿ ಕೊಟ್ಟು, ಮುಳ್ಳನ್ನು ಮೆಲ್ಲಗೆ ಇಳಿಸುತ್ತಿದ್ದರು. ಕೀಲಿ ತಿರುವುವ ಕೆಲಸ ಒಮ್ಮೊಮ್ಮೆ ನನಗೆ ಸಿಗುತ್ತಿತ್ತು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ನಾವು ಅದನ್ನು ‘ಪ್ಲೇಟು’ ಎನ್ನುತ್ತಿದ್ದೆವು.

ಈಗಿನ ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಆ ತಟ್ಟೆಯಲ್ಲಿ ಮುಖ್ಯವಾಗಿದ್ದುದು ಅರಗು. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷದ ಹಾಡು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ನಮ್ಮ ದೇಶದ ಮೊಟ್ಟಮೊದಲ ಧ್ವನಿಮುದ್ರಣಗಳಲ್ಲಿ ಒಂದು. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ತಟ್ಟೆಯನ್ನು ಅಚ್ಚು ಹಾಕುವವರು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅವರಿಗೆ ತಿಳಿಯಬೇಕಲ್ಲ! ಇಡೀ ಇರುಳು ಹಾಡಬಲ್ಲ ಗವಾಯಿಗಳು ಮೂರು ನಿಮಿಷದೊಳಗೆ ಆಲಾಪ, ಚೀಜು, ತಾನು ಎಲ್ಲವನ್ನೂ ಅಡಕ ಮಾಡಬೇಕಾಗಿತ್ತು.

ಕಾಕಾ ಅವರ ಬಹು ಪ್ರೀತಿಯ ತಟ್ಟೆ ಗಂಗೂಬಾಯಿ ಹಾನಗಲ್ಲರದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ಮನೆತನದ ಮೂಲ ನಮ್ಮ ಹಾನಗಲ್ಲು. ಅವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಅದೇ ಹಳಿ ಮುಂದೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಬರುತ್ತದೆ. ಈ ಕಾರಣಕ್ಕೆ ಕಾಕಾ ಅವರನ್ನು “ನಮ್ಮ ಲೈನಿನವರು” ಎನ್ನುತ್ತಿದ್ದರು. 1930ರ ದಶಕದ ಆರಂಭದ ಕೆಲವು ತಟ್ಟೆಗಳ ಮೇಲೆ ಕಂಪನಿಯವರು ಅವರ ಹೆಸರನ್ನು ‘ಗಾಂಧಾರಿ’ ಎಂದು ಅಚ್ಚು ಹಾಕಿದ್ದರು. ಆ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ, ಎಳೆಯ ದನಿ.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಕೆಲವು ವರ್ಷಗಳ ನಂತರ ಕಾಕಾ ಕೂಡ ರೇಡಿಯೊ ತಂದರು. ಒಂದು ರಾತ್ರಿ ಅದರಲ್ಲಿ “ಗಂಗೂಬಾಯಿ ಹಾನಗಲ್” ಎಂದು ಹೇಳಿ ಹಾಡು ಹಚ್ಚಿದರು. ಬಂದದ್ದು ಆಳವಾದ, ಗಡಸಾದ ದನಿ. ಕಾಕಾ ಕೇಳಲಿಲ್ಲ. “ಇದು ಗಂಡಸಿನ ದನಿ. ರೇಡಿಯೊದವರು ಹೆಸರು ತಪ್ಪಿ ಹೇಳ್ಯಾರ” ಎಂದು ಗುಮಾಸ್ತರೊಡನೆ ವಾದಕ್ಕಿಳಿದರು. ಅಂಗಡಿಯ ಕಟ್ಟೆಯ ಮೇಲೆ ಎರಡು ಪಕ್ಷಗಳೇ ಆದವು. ಕೊನೆಗೆ ಹುಬ್ಬಳ್ಳಿಯಿಂದ ಬಂದ ಬೀಗರೊಬ್ಬರು, ಗಂಗೂಬಾಯಿಯವರ ಗಂಟಲಿಗೆ ಚಿಕಿತ್ಸೆಯಾದ ಮೇಲೆ ದನಿ ಬದಲಾಯಿತೆಂದೂ, ಆ ದನಿಯಲ್ಲೇ ಅವರು ಇನ್ನೂ ದೊಡ್ಡ ಗಾಯಕಿಯಾದರೆಂದೂ ವಿವರಿಸಿದರು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಳೆಯ ತಟ್ಟೆಯನ್ನು ಹಚ್ಚಿ, “ಆಕೀ ಗಂಟಲದಾಗ ಇಲ್ಲದ್ದು ನನ್ನ ಪೆಟಿಗ್ಯಾಗ ಐತಿ” ಎಂದರು.

ಇತಿಹಾಸದ ಮೊದಲ ಪಾಠ ನನಗೆ ಅಲ್ಲಿಯೇ ಆಯಿತೆಂದು ಈಗ ಅನ್ನಿಸುತ್ತದೆ. ಹೋದದ್ದನ್ನು ಮುದ್ರಿಕೆ ಹಿಡಿದಿಡುತ್ತದೆ. ಅದು ಮತ್ತೊಂದನ್ನೂ ಮಾಡುತ್ತದೆಂಬ ಎರಡನೆಯ ಪಾಠ ಕಲಿಯಲು ನನಗೆ ಬಹಳ ವರ್ಷ ಬೇಕಾದವು.

ಹಾವೇರಿಗೆ ನಾನು ಕಾಲೇಜಿಗೆಂದು ಬಂದದ್ದು ಅರವತ್ತರ ದಶಕದ ನಡುವೆ. ನಮಗೆ ಕಲಿಸುತ್ತಿದ್ದ ಅಧ್ಯಾಪಕರೊಬ್ಬರ ಮನೆಯಲ್ಲಿ ವಿದ್ಯುತ್ತಿನಿಂದ ನಡೆಯುವ ರೆಕಾರ್ಡ್ ಪ್ಲೇಯರ್ ಇತ್ತು. ರವಿವಾರ ಸಂಜೆ ದೀಪ ಹಚ್ಚಿದ ಮೇಲೆ ನಾಲ್ಕೈದು ಹುಡುಗರು ಅವರ ಪಡಸಾಲೆಯಲ್ಲಿ ಗೋಡೆಗೆ ಆತು ಕೂಡುತ್ತಿದ್ದೆವು. ಅವರಲ್ಲಿದ್ದುದು ಭೀಮಸೇನ ಜೋಶಿಯವರ ಎಲ್.ಪಿ. ಜೋಶಿಯವರು ಹುಟ್ಟಿದ್ದು 1922ರಲ್ಲಿ, ರೋಣದಲ್ಲಿ. ಅವರೂ ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರಲ್ಲಿಯೇ. ಎಲ್.ಪಿ. ತಿರುಗುವುದು ನಿಮಿಷಕ್ಕೆ 33⅓ ಸುತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ. ಗಾಯಕರಿಗೆ ಕೊನೆಗೂ ಉಸಿರೆಳೆದುಕೊಳ್ಳಲು ಪುರಸೊತ್ತು ಸಿಕ್ಕಿತು. ಕೇಳುವ ನಮಗೆ ಸುಮ್ಮನೆ ಕೂಡುವ ಅಭ್ಯಾಸ ಬಂತು. 1966ರಲ್ಲಿ ‘ಸಂಧ್ಯಾರಾಗ’ ಚಲನಚಿತ್ರದಲ್ಲಿ ಅದೇ ದನಿಯನ್ನು ಕೇಳಿದಾಗ ನಮ್ಮ ಮನೆಯವರೇ ಪರದೆಯ ಮೇಲೆ ಬಂದಷ್ಟು ಸಂತೋಷವಾಯಿತು. ಅಧ್ಯಾಪಕರು ನಿವೃತ್ತರಾಗಿ ಊರು ಬಿಡುವಾಗ ಆ ತಟ್ಟೆಯನ್ನು ನನಗೆ ಕೊಟ್ಟರು. ಒಂದು ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟು ಮರೆತೆ. ಬಿಸಿಲಿಗೆ ಅದು ಹಪ್ಪಳದಂತೆ ಸೊಟ್ಟಗಾಯಿತು. ಹೊದಿಕೆಯನ್ನು ಮಾತ್ರ ಬಿಸಾಡಲು ಮನಸ್ಸಾಗಲಿಲ್ಲ.

ರಾಣೆಬೆನ್ನೂರಿನಲ್ಲಿ ನಾನು ಮಾಸ್ತರನಾದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಊರುಗಳ ಅಂಗಡಿಗೆ ಬರುವ ಹೊತ್ತಿಗೆ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಗ್ರಾಮಫೋನು ಸಾಹುಕಾರರ ವಸ್ತು, ಎಲ್.ಪಿ. ರಸಿಕರ ವಸ್ತು, ಕ್ಯಾಸೆಟ್ಟು ಮಾತ್ರ ಎಲ್ಲರದು. ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ಮದುವೆಯ ಹಂದರದಲ್ಲಿ ಅದೇ. ಸುರುಳಿ ಸಿಕ್ಕುಬಿದ್ದರೆ ಪೆನ್ಸಿಲು ಹಾಕಿ ಸುತ್ತುವ ವಿದ್ಯೆ ನಿಮಗೆಲ್ಲ ಗೊತ್ತಿದ್ದದ್ದೇ.

ನಾನು ಸ್ವಂತ ದುಡ್ಡಿನಲ್ಲಿ ಕೊಂಡ ಮೊದಲ ಕ್ಯಾಸೆಟ್ಟು ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಈ ಧ್ವನಿಸುರುಳಿ 1978ರಲ್ಲಿ ಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಕವಿಗಳ ಹಾಡುಗಳನ್ನು ಜನರ ಬಾಯಿಗೆ ತಂದಿದ್ದರು. ಆದರೆ ಪಠ್ಯಪುಸ್ತಕದ ಕವಿತೆಯನ್ನು ಬಸ್ಸಿನ ಕಂಡಕ್ಟರನೂ ಗುನುಗುವಂತಾದದ್ದು ಕ್ಯಾಸೆಟ್ಟಿನಿಂದ. ಆ ವರ್ಷಗಳಲ್ಲಿ ಕಲಿತವರಿಗೆ ನೆನಪಿರಬಹುದು: ನಾನು ಪದ್ಯಪಾಠಕ್ಕೆ ಟೇಪ್ ರೆಕಾರ್ಡರನ್ನು ಕೈಚೀಲದಲ್ಲಿ ಹೊತ್ತು ತರುತ್ತಿದ್ದೆ.

ಅನಂತರ ಬಂದದ್ದು ಸಿ. ಅಶ್ವಥ್ ಅವರು ರಾಗ ಹಾಕಿದ ಶಿಶುನಾಳ ಶರೀಫರ ಹಾಡುಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಶರೀಫರು ನಮ್ಮವರು. ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರ ಜುಲೈ 3ರಂದು ಹುಟ್ಟಿ, 1889ರಲ್ಲಿ ಅದೇ ಜುಲೈ 3ರಂದು ತೀರಿಕೊಂಡರು. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಆಮೇಲೆ ಅದನ್ನು ಬಿಟ್ಟು ಕಳಸದ ಗುರು ಗೋವಿಂದ ಭಟ್ಟರ ಬೆನ್ನು ಹತ್ತಿದರು. ಮೊಹರಮ್ಮಿನ ಅಲಾವಿ ಕುಣಿತಕ್ಕೆ ರಿವಾಯತ್ ಪದಗಳನ್ನೂ, ಭಜನೆಗೆ ತತ್ವಪದಗಳನ್ನೂ ಕಟ್ಟಿದರು. ಅವು ನೂರು ವರ್ಷ ಹಳ್ಳಿಯ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದವು. ಸ್ವರ ಬರೆದಿಟ್ಟವರಿಲ್ಲ. ಒಂದೇ ಪದವನ್ನು ಒಂದೂರಿನ ಮೇಳ ಹಾಡಿದಂತೆ ಮತ್ತೊಂದೂರಿನ ಮೇಳ ಹಾಡುತ್ತಿರಲಿಲ್ಲ.

ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳನ್ನು ಸಂಪಾದಿಸಿ ನಾಡಿಗೆ ಪರಿಚಯಿಸಿದರು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕಂಠಗಳು ಅವನ್ನು ಮನೆಮನೆಗೆ ಮುಟ್ಟಿಸಿದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದ ಮೇಲಂತೂ ಕೇಳುವುದೇ ಬೇಡ. ನಮ್ಮ ತಾಲೂಕುಗಳ ಹಾಡು ಬೆಂಗಳೂರಿಗೆ ಹೋಗಿ, ಹೊಸ ಅಂಗಿ ತೊಟ್ಟು, ತಿರುಗಿ ನಮ್ಮ ಬಸ್ಸಿಳಿದಂತೆ ನನಗೆ ತೋರುತ್ತಿತ್ತು. ವಿಚಿತ್ರವೆಂದರೆ, 1939ರ ಡಿಸೆಂಬರ್ 29ರಂದು ಹುಟ್ಟಿದ ಅಶ್ವಥ್ ಅವರೂ ಶರೀಫರಂತೆ ಹುಟ್ಟಿದ ದಿನವೇ, 2009ರ ಡಿಸೆಂಬರ್ 29ರಂದು ತೀರಿಕೊಂಡರು.

ಇನ್ನು ನನ್ನ ತಪ್ಪಿನ ಮಾತು. ಎಂಬತ್ತರ ದಶಕದ ಕೊನೆ. ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹಾಡುವವರನ್ನು ಆರಿಸುತ್ತಿದ್ದೆ. ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಿಂದ ಬರುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶರೀಫರ ಪದವೊಂದನ್ನು ಹಾಡಿದಳು. ಸಾಲಿನ ನಡುವೆ ನಿಲ್ಲುತ್ತಿದ್ದಳು. ಕೊನೆಯ ಅಕ್ಷರವನ್ನು ಕೆಳಕ್ಕೆ ಎಳೆದು ಬಿಡುತ್ತಿದ್ದಳು. ಎರಡು ಕಡೆ ಮಾತೂ ಬೇರೆ ಇತ್ತು. “ಯಾರು ಕಲಿಸಿದರವ್ವ?” ಎಂದೆ. “ನಮ್ಮಜ್ಜಾರು, ಸರ. ಸೋಮವಾರದ ಭಜನ್ಯಾಗ ಹಿಂಗ ಹಾಡ್ತಾರ್ರೀ” ಎಂದಳು. ನಾನು ನಕ್ಕು, ನನ್ನ ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ಅವಳ ಕೈಗಿತ್ತು, “ಖರೇ ಧಾಟಿ ಇದು. ಹದಿನೈದು ದಿವಸದಾಗ ಇದರಂಗ ಕಲತು ಬಾ” ಎಂದೆ. ಕೆಂಪು ಶಾಯಿಯಿಂದ ಕಾಗುಣಿತ ತಿದ್ದುವಂತೆಯೇ ತಿದ್ದಿದೆ. ಮನಸ್ಸಿನಲ್ಲಿ ಅಳುಕೂ ಇರಲಿಲ್ಲ.

ಜಾಣ ಹುಡುಗಿ. ಕ್ಯಾಸೆಟ್ಟಿನಲ್ಲಿದ್ದಂತೆಯೇ ಕಲಿತಳು, ಮೊದಲ ಬಹುಮಾನ ಗೆದ್ದಳು. ಕಾರ್ಯಕ್ರಮ ಮುಗಿದ ಮೇಲೆ ರುಮಾಲು ಸುತ್ತಿದ ಆಕೆಯ ಅಜ್ಜ ನನ್ನ ಬಳಿ ಬಂದು ಕೈಮುಗಿದರು. “ಹುಡುಗಿ ಬಾಳ ಚಂದ ಹಾಡಿದ್ಲರೀ ಮಾಸ್ತರ. ನಿಮ್ಮ ಉಪಕಾರ” ಎಂದರು. ಸ್ವಲ್ಪ ತಡೆದು, “ಮನ್ಯಾಗ ಈಗ ನನ್ನ ಕೂಡ ಹಾಡವಲ್ಲಳು. ನೀ ತಪ್ಪ ಹಾಡ್ತಿ ಅಂತಾಳ” ಎಂದು ನಕ್ಕರು. ನಾನೂ ನಕ್ಕೆ. ಆ ನಗೆಯಲ್ಲಿದ್ದುದು ನನಗೆ ಅಂದು ತಿಳಿಯಲಿಲ್ಲ.

2014ರಲ್ಲಿ ಹಾವೇರಿಯ ಮದುವೆಯೊಂದರಲ್ಲಿ ಆಕೆ ಸಿಕ್ಕಳು. ಈಗ ಇಬ್ಬರು ಮಕ್ಕಳ ತಾಯಿ. ಅಜ್ಜ ಹೋಗಿ ಬಹಳ ವರ್ಷವಾಗಿತ್ತು. ಅವರ ಮೇಳವೂ ನಿಂತಿತ್ತು. ಊಟವಾದ ಮೇಲೆ ನಾನೇ ಕೇಳಿದೆ: “ಅಂದು ಮೊದಲ ಸಲ ಹಾಡಿದೆಯಲ್ಲ, ನಿಮ್ಮಜ್ಜಾರ ಧಾಟಿ. ಅದನ್ನೊಮ್ಮೆ ಹಾಡವ್ವ.” ಆಕೆ ಕಣ್ಣು ಮುಚ್ಚಿ ಆರಂಭಿಸಿದಳು. ಒಂದು ಸಾಲು ಬಂತು. ಆ ನಿಲುಗಡೆ, ಆ ಎಳೆತ ಹಾಗೆಯೇ ಬಂತು. ಎರಡನೆಯ ಸಾಲಿನ ನಡುವೆ ಧಾಟಿ ತಾನಾಗಿ ಹೊರಳಿ ಕ್ಯಾಸೆಟ್ಟಿನದಾಯಿತು. ನಿಲ್ಲಿಸಿ ಮತ್ತೆ ಹಿಡಿದಳು. ಮತ್ತೆ ಅಲ್ಲಿಯೇ ಹೊರಳಿತು. ಮೂರನೆಯ ಸಲ ಅರ್ಧಕ್ಕೇ ಬಿಟ್ಟು, “ಅಲ್ಲಿಂದ ಮುಂದ ಬರೂದು ಟೇಪಿಂದರೀ ಸರ. ಅಜ್ಜಾರದು ಹೋತು” ಎಂದಳು.

ಇದರಲ್ಲಿ ಅಶ್ವಥ್ ಅವರ ದೋಷ ಎಳ್ಳಷ್ಟೂ ಇಲ್ಲ. ಅವರು ಮಾಡಿದ್ದು ಸ್ವರಸಂಯೋಜನೆ. ಅದು ಅವರ ಕಲೆ, ಅವರ ಪ್ರೀತಿ. ಅವರಿಲ್ಲದಿದ್ದರೆ ಶರೀಫರು ನಾಡಿನ ಮೂಲೆಮೂಲೆಗೆ ತಲುಪುತ್ತಿದ್ದರೇ ಎಂಬುದು ಸಂದೇಹ. ಇಂದಿಗೂ ಆ ದನಿ ಕೇಳಿದರೆ ನನ್ನ ಮೈ ನವಿರೇಳುತ್ತದೆ. ಅನೇಕ ಧಾಟಿಗಳಲ್ಲಿ ಒಂದಾಗಿದ್ದದ್ದನ್ನು ಪಠ್ಯಪುಸ್ತಕ ಮಾಡಿ, ಉಳಿದವಕ್ಕೆ ತಪ್ಪು ಎಂದು ಗೀಟು ಹಾಕಿದವನು ನಾನು. ಕಾಕಾ ಅವರ ತಟ್ಟೆ ಒಂದು ಹೋದ ದನಿಯನ್ನು ಉಳಿಸಿತ್ತು. ನನ್ನ ಕ್ಯಾಸೆಟ್ಟು, ನನ್ನ ಕೈಯಿಂದ, ಇರುವ ದನಿಯನ್ನು ಅಳಿಸಿತು. ಮನಸ್ಸು ಮಾಡಿದ್ದರೆ ಅದೇ ಟೇಪ್ ರೆಕಾರ್ಡರಿನಲ್ಲಿ ಒಂದು ಖಾಲಿ ಕ್ಯಾಸೆಟ್ಟು ಹಾಕಿ ಅಜ್ಜನ ಹಾಡನ್ನು ಹಿಡಿಯಬಹುದಾಗಿತ್ತು. ಕೆಂಪು ಗುಂಡಿ ಅದರಲ್ಲೂ ಇತ್ತು. ಶಾಲೆಯಲ್ಲಿ ‘ಮೌಖಿಕ ಆಧಾರಗಳು’ ಎಂಬ ಪಾಠವನ್ನು ವರ್ಷಾವಧಿ ಹೇಳುತ್ತಿದ್ದ ನನಗೆ ಅದು ಹೊಳೆಯಲಿಲ್ಲ.

ಆಕೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಓದಿದರೆ ಆಕೆಗೆ ತಿಳಿಯುತ್ತದೆ. ಅಂದು ಮದುವೆಯ ಗದ್ದಲದಲ್ಲಿ ಹೇಳಲಾಗದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ: ತಪ್ಪು ನನ್ನದವ್ವ, ನಿಮ್ಮಜ್ಜಾರು ಸರಿಯಾಗಿಯೇ ಹಾಡುತ್ತಿದ್ದರು.

ಉಳಿದ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ನಿಮ್ಮೆಲ್ಲರ ಜೇಬಿನಲ್ಲಿ ಈಗ ಧ್ವನಿ ಹಿಡಿಯುವ ಯಂತ್ರವಿದೆ. ಊರಿಗೆ ಹೋದಾಗ ಭಜನೆಯ ಪದ, ಬೀಸುಕಲ್ಲಿನ ಪದ, ಸೋಬಾನೆ, ಅಲಾವಿ ಪದ, ಯಾವುದನ್ನೇ ಆಗಲಿ ಬಲ್ಲ ಹಿರಿಯರಿದ್ದರೆ ಅವರ ಮುಂದೆ ಕುಳಿತು ಹಿಡಿದುಕೊಳ್ಳಿರಿ. ಹಾಡಿದವರ ಹೆಸರು, ಊರು, ತಾರೀಖು, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿರಿ; ಗೌಹರ್ ಜಾನ್ ಹೇಳಿದಂತೆ. ನಡುವೆ ತಿದ್ದಬೇಡಿರಿ.

ಮೊಮ್ಮಗಳು ಹೊರಡುವ ಮುನ್ನಾದಿನ ತನ್ನ ಮೊಬೈಲನ್ನು ನನ್ನ ಮುಂದಿಟ್ಟು, “ಅಜ್ಜಾ, ನಿನಗೆ ಬರುವ ಹಾಡು ಹೇಳು” ಎಂದಳು. ಆಕೆಯಿಂದ ಕಲಿತ ಆ ಒಂದೂವರೆ ಸಾಲನ್ನೇ ಹಾಡಿದೆ. ಮುಂದಿನದು ಗೊತ್ತಿದ್ದವರು ಬ್ಯಾಡಗಿಯ ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿರಿ. ನಾನೇ ಬಂದು ಕಲಿಯುತ್ತೇನೆ.